ಉತ್ಸಾಹವೂ ಅಭ್ಯಾಸವೂ: ‘ಇಗೋ ಕನ್ನಡ’ದ ನಿದರ್ಶನ

ಕಾವ್ಯಕ್ಕೆ ಕಾರಣವಾವುದೆಂಬ ವಿಷಯದಲ್ಲಿ ಆಲಂಕಾರಿಕರು ಬಹುಕಾಲ ಚರ್ಚಿಸಿದ್ದಾರೆ. ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಪಾಂಡಿತ್ಯ, ಎಡೆಬಿಡದ ಪರಿಶ್ರಮ, ಈ ಮೂರನ್ನೂ ಹೇಳಿದ ದಂಡಿಯು ಅಷ್ಟಕ್ಕೇ ನಿಲ್ಲದೆ, ಪ್ರತಿಭೆಯಿಲ್ಲದವನೂ ಶ್ರದ್ಧೆಯಿಂದ ಉಪಾಸಿಸಿದರೆ ವಾಗ್ದೇವಿಯು ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಅಭಯವನ್ನಿತ್ತಿದ್ದಾನೆ. ಮಮ್ಮಟನಾದರೋ ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನು. ಈಚಿನವರು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಹಿಡಿದುಕೊಂಡು, ಅದಕ್ಕೆ ‘ಸ್ಫೂರ್ತಿ’ಯೆಂದು ಹೆಸರಿಟ್ಟು, ಅದು ಬಂದಾಗ ಬರೆಯುವುದೂ ಬಾರದಿದ್ದಾಗ ಸುಮ್ಮನಿರುವುದೂ ಲೇಖಕನ ಧರ್ಮವೆಂದು ತಿಳಿದಿರುವಂತೆ ತೋರುತ್ತದೆ. ಇದರ ಫಲವು ಸಣ್ಣ ಪತ್ರಿಕೆಗಳ ಹಳೆಯ ಕಟ್ಟುಗಳನ್ನು ಬಿಚ್ಚಿದವರಿಗೆಲ್ಲ ಗೊತ್ತು. ಮೊದಲ ಸಂಚಿಕೆಯಲ್ಲಿ ಅಂಕಣಕ್ಕೆ ನಾಲ್ಕು ಪುಟ, ಮೂರನೆಯದರಲ್ಲಿ ಒಂದು, ಆರನೆಯದರಲ್ಲಿ ಸಂಪಾದಕರ ಕ್ಷಮಾಪಣೆ.

ಈ ಪ್ರಸಂಗದಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವು ಪರೀಕ್ಷೆಗೆ ಯೋಗ್ಯವಾದ ಕೃತಿ. 1913ರಲ್ಲಿ ಹುಟ್ಟಿ 2021ರಲ್ಲಿ ಕಾಲವಾದ ಈ ವಿದ್ವಾಂಸರು ‘ಪ್ರಜಾವಾಣಿ’ಯಲ್ಲಿ ಈ ಅಂಕಣವನ್ನು ಆರಂಭಿಸಿದ್ದು 1991ರಲ್ಲಿ, ಆಗ ಅವರಿಗೆ ವಯಸ್ಸು 78ರ ಆಸುಪಾಸು. ಉಳಿದವರು ಲೇಖನಿಯನ್ನು ಕೆಳಗಿಡುವ ವಯಸ್ಸಿನಲ್ಲಿ ಅವರು ವಾರವಾರದ ಹೊಣೆಯೊಂದನ್ನು ತಲೆಯ ಮೇಲೆ ಹೊತ್ತುಕೊಂಡರು, ಹತ್ತು ವರುಷಗಳಿಗೂ ಮಿಕ್ಕಿ ಅದನ್ನು ನಡೆಸಿದರು. ಅಂಕಣದ ಕ್ರಮವು ಅತಿ ಸರಳ. ಓದುಗನೊಬ್ಬನು ಒಂದು ಶಬ್ದದ ಅರ್ಥವನ್ನೋ ಮೂಲವನ್ನೋ ಸಾಧುತ್ವವನ್ನೋ ಕೇಳುವನು. ಕೆಲವು ವಾಕ್ಯಗಳಲ್ಲಿ ಉತ್ತರ ಬರುವುದು. ವಾದವಿಲ್ಲ, ಆವೇಶವಿಲ್ಲ. ಇದನ್ನು ಸಾಹಿತ್ಯವೆನ್ನಬಹುದೇ ಎಂದು ಸಂದೇಹಪಟ್ಟವರಿದ್ದರೆ ಆಶ್ಚರ್ಯವಿಲ್ಲ.

ಬಿಡಿಯಾಗಿ ನೋಡಿದರೆ ಆ ಸಂದೇಹಕ್ಕೆ ಸ್ವಲ್ಪ ಆಧಾರವೂ ಉಂಟು. ಉತ್ತರಗಳೆಲ್ಲವೂ ಒಂದೇ ತೂಕದವಲ್ಲ. ಪ್ರಶ್ನೆ ಸಾಮಾನ್ಯವಾದರೆ ಉತ್ತರವೂ ಸಾಮಾನ್ಯವೇ. ಆದರೆ ಒಂದು ತೋಟದ ಬೆಲೆಯನ್ನು ಒಂದು ರೆಕ್ಕೆಯ ಹೂವಿನಿಂದ ಕಟ್ಟುವವರಾರು? ಕಾಫಿಯ ಸೀಮೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಬೇಸಗೆಯಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಮೂಡಿಗೆರೆಯ ಗುಡ್ಡಗಳೆಲ್ಲ ಬೆಳ್ಳಗಾಗುತ್ತವೆ. ಗಂಧಕ್ಕೆ ದಾರಿಹೋಕನೂ ನಿಲ್ಲುತ್ತಾನೆ. ತೋಟದ ಯಜಮಾನನು ಮಾತ್ರ ಆಗ ಹಿಗ್ಗುವುದಿಲ್ಲ, ಮುಗಿಲನ್ನು ನೋಡುತ್ತಾನೆ. ಎರಡು ಮೂರು ವಾರದೊಳಗೆ ‘ಬ್ಯಾಕಿಂಗ್’ ಎಂದು ಕರೆಯುವ ಮಳೆ ಬಾರದೆ ಹೋದರೆ ಕಾಯಿ ನಿಲ್ಲದೆಂಬುದು ಅವನಿಗೆ ಗೊತ್ತು. ಅರೇಬಿಕಾ ಹಣ್ಣಾಗಲು ಆಮೇಲೂ ಎಂಟು ಒಂಬತ್ತು ತಿಂಗಳು ಬೇಕು. ಹೂವಿನ ಚಿತ್ರವನ್ನು ತೆಗೆಯುವವರು ಬಹಳ. ಕಳೆ ಕೀಳುವ ದಿನ ಆ ಕಡೆಗೆ ಸುಳಿಯುವವರು ಕಡಮೆ.

ವೆಂಕಟಸುಬ್ಬಯ್ಯನವರ ಅಂಕಣದ ಗುಣವು ಈ ಎರಡನೆಯ ಮಳೆಯ ಗುಣ. ಗ್ರಂಥವು ಒಮ್ಮೆ ಅಚ್ಚಾದರೆ ತಪ್ಪೂ ಒಪ್ಪೂ ಅದರಲ್ಲಿ ಹೆಪ್ಪುಗಟ್ಟಿ ಉಳಿಯುತ್ತವೆ. ವಾರವಾರ ಬರುವ ಬರವಣಿಗೆಗೆ ಈ ಶಾಪವಿಲ್ಲ. ಈ ವಾರದ ಉತ್ತರವು ಇನ್ನೊಬ್ಬ ಓದುಗನಲ್ಲಿ ಶಂಕೆಯನ್ನು ಹುಟ್ಟಿಸಬಹುದು. ಆ ಶಂಕೆಯು ಮುಂದಿನ ಪ್ರಶ್ನೆಯಾಗಬಹುದು. ಮತ್ತೂ ಒಂದು ಲಾಭ: ಓದುಗನಿಗೆ ಕೇಳುವ ಧೈರ್ಯ ಬರುತ್ತದೆ. ಬರುವ ವಾರವೂ ಈ ಮನುಷ್ಯ ಇಲ್ಲಿಯೇ ಇರುವನೆಂಬ ನಂಬಿಕೆಯಿಲ್ಲದಿದ್ದರೆ ಯಾವ ಊರಿನ ಯಾವ ಗೃಹಿಣಿಯು ಒಂದು ಶಬ್ದದ ಸಲುವಾಗಿ ಕಾಗದ ಬರೆದಾಳು? ಅಂಕಣವು ಕಡೆಗೆ ಸಂಪುಟಗಳಾಗಿ ಹೊರಬಂದಾಗ ಅದನ್ನು ‘ಸಾಮಾಜಿಕ ನಿಘಂಟು’ವೆಂದು ಕರೆದುದು ಇದರಿಂದಲೇ ಸಾರ್ಥಕವಾಯಿತು.

ಈ ಸ್ವಭಾವವು ಅವರಿಗೆ ಮುಪ್ಪಿನಲ್ಲಿ ಬಂದದ್ದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟವು 1970ರಲ್ಲಿಯೂ ಎಂಟನೆಯದು 1995ರಲ್ಲಿಯೂ ಪ್ರಕಟವಾದವು. ಪುಟಗಳು ಒಂಬತ್ತು ಸಾವಿರಕ್ಕೂ ಮಿಕ್ಕಿವೆ. ಅಂಥ ಕೆಲಸದಲ್ಲಿ ಆವೇಶದಿಂದ ಎಷ್ಟು ದೂರ ಹೋದೀತು? ಅಕಾರವನ್ನು ದಾಟುವುದರೊಳಗೇ ಅದು ಆರಿಹೋಗುತ್ತದೆ. ಪತಂಜಲಿಯು ಅಭ್ಯಾಸವು ನೆಲೆಗೊಳ್ಳಲು ದೀರ್ಘಕಾಲ, ನೈರಂತರ್ಯ, ಆದರ ಎಂಬ ಮೂರನ್ನು ಹೇಳುತ್ತಾನೆ. ಮೂರನೆಯದನ್ನು ಮರೆಯಲಾಗದು. ಆದರವಿಲ್ಲದ ನೈರಂತರ್ಯವು ಗಾಣದ ಎತ್ತಿನ ನಡಿಗೆ. ಅಂಥ ಅಂಕಣಗಳೂ ಕನ್ನಡದಲ್ಲಿ ಇಲ್ಲದಿಲ್ಲ.

ಇದಕ್ಕೆ ಪ್ರತಿಯಾಗಿ ಮೂಡಿಗೆರೆಯವರು ಪೂರ್ಣಚಂದ್ರ ತೇಜಸ್ವಿಯವರನ್ನು ಎತ್ತಿ ತೋರಿಸುವುದು ಸಹಜ. ಇಂದು ಹಕ್ಕಿ, ನಾಳೆ ಮೀನು, ನಾಡಿದ್ದು ಕಂಪ್ಯೂಟರು, ಹೀಗೆ ಹುಮ್ಮಸ್ಸು ಕರೆದತ್ತ ನಡೆದವರು ಅವರಲ್ಲವೇ ಎಂಬುದು ಆಕ್ಷೇಪ. ಆಕ್ಷೇಪವು ಮೇಲುನೋಟದ್ದು. ‘ಅಬಚೂರಿನ ಪೋಸ್ಟಾಫೀಸು’ 1973ರದು, ‘ಕರ್ವಾಲೊ’ 1980ರದು, ‘ಚಿದಂಬರ ರಹಸ್ಯ’ 1985ರದು. 2007ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಟ್ಟುಹೋಗದೆ ನೋಡಿದ್ದು ಅದೇ ಕಾಡು, ಅದೇ ತೋಟ, ಅದೇ ಜನ. ಹಕ್ಕಿಯ ಚಿತ್ರಕ್ಕಾಗಿ ಅಲುಗಾಡದೆ ಕಾದು ಕುಳಿತವನನ್ನು ಚಂಚಲನೆನ್ನುವುದು ಹೇಗೆ? ಅವರಲ್ಲಿ ಪ್ರತಿಭೆ ದೊಡ್ಡದು, ಒಪ್ಪತಕ್ಕದ್ದೇ. ಆದರೆ ಅದು ಕುಳಿತಲ್ಲಿ ಕುಳಿತಿದ್ದ ಪ್ರತಿಭೆ.

‘ಇಗೋ ಕನ್ನಡ’ದ ಕೊರತೆಯನ್ನೂ ಹೇಳಬೇಕು. ಕೇಳಿದ ಶಬ್ದಕ್ಕೆ ಉತ್ತರವುಂಟು, ಕೇಳದ ಶಬ್ದಕ್ಕೆ ಮೌನ. ಇದು ಆ ರೀತಿಯ ಬರಹಕ್ಕೇ ಅಂಟಿದ ದೋಷ. ಪತ್ರಿಕೆ ಓದಿ ಕಾಗದ ಬರೆಯಬಲ್ಲವರ ಶಬ್ದಗಳು ಅಲ್ಲಿ ಸೇರಿದವು. ತೋಟದಲ್ಲಿ ದುಡಿಯುವವರ ಶಬ್ದಗಳಿಗೆ ಕಾಗದ ಬರೆಯುವವರಾರು? ನೆರಳುಮರದ ಕೊಂಬೆಗಳನ್ನು ಕಡಿದು ಬಿಸಿಲು ಬಿಡುವ ಕೆಲಸವನ್ನು ಈ ಸೀಮೆಯಲ್ಲಿ ‘ಮರಗಸಿ’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಕಸಿಯೆಂದರೆ ಕೊಂಬೆಯನ್ನು ಕೂಡಿಸುವುದು, ಇಲ್ಲಿ ಕಡಿಯುವುದು. ಎರಡೂ ಒಂದೇ ಶಬ್ದವೇ, ಅಥವಾ ಧ್ವನಿಸಾಮ್ಯ ಮಾತ್ರವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮಹಾಪಂಡಿತರು ಬೇಕಾಗಬಹುದು; ಶಬ್ದವನ್ನು ಬರೆದಿಡಲು ಬೇಕಾದದ್ದು ಜಿಲ್ಲೆಯ ಮಾಸಪತ್ರಿಕೆಯೊಂದರ ಅರ್ಧ ಪುಟ, ಮತ್ತು ತಿಂಗಳು ತಪ್ಪದೆ ಅದನ್ನು ತುಂಬುವ ಒಬ್ಬ ಮನುಷ್ಯ. ತಿಂಗಳಿಗೆ 10 ಶಬ್ದಗಳಾದರೆ ವರುಷಕ್ಕೆ 120, ಹತ್ತು ವರುಷಕ್ಕೆ 1,200. ಕಳಸದ ಮೇಲಣ ತೋಟಗಳಲ್ಲಿ ಆ ಶಬ್ದಗಳನ್ನಾಡುವ ಮುದುಕರು ಇನ್ನೂ ಇದ್ದಾರೆ.