ಗೋವಿನಜೋಳದ ಎಥೆನಾಲ್: ಇಪ್ಪತ್ತರ ಲೆಕ್ಕ

ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮಳೆಗಾಲದಲ್ಲಿ ರಸ್ತೆಯ ಎರಡೂ ಬದಿ ಗೋವಿನಜೋಳ. ಈ ತೆನೆಯೇ ದೇಶವನ್ನು ಕಚ್ಚಾ ತೈಲದ ಹಂಗಿನಿಂದ ಬಿಡಿಸುತ್ತದೆ ಎಂಬ ಮಾತಿಗೆ ಈಚೆಗೆ ಸಿಕ್ಕಿರುವ ಮನ್ನಣೆ ಅತಿಯಾಯಿತು.

ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಎಳೆದು ತಂದು ಮುಟ್ಟಿದ್ದೂ ಆಯಿತು. ಸಣ್ಣ ಸಾಧನೆಯಲ್ಲ. ಆದರೆ ಆ 20 ಅಳತೆಯ ಲೆಕ್ಕ, ಕಸುವಿನದಲ್ಲ. ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು. ಇಪ್ಪತ್ತು ಲೀಟರ್ ಎಥೆನಾಲ್ ಮಾಡುವುದು ಹೆಚ್ಚುಕಡಿಮೆ ಹದಿಮೂರು ಲೀಟರ್ ಪೆಟ್ರೋಲಿನ ಕೆಲಸ. ಒಂದು ಕ್ವಿಂಟಲ್ ಗೋವಿನಜೋಳಕ್ಕೆ ಸುಮಾರು 38 ಲೀಟರ್ ಎಥೆನಾಲ್, ಅಂದರೆ 25 ಲೀಟರ್ ಪೆಟ್ರೋಲಿನ ಕಸುವು. ಅದರಿಂದ ಕಳೆಯುತ್ತ ಬನ್ನಿ: ರಂಟೆ ಹೊಡೆದ ಟ್ರ್ಯಾಕ್ಟರಿನ ಡೀಸೆಲ್, ರಾಶಿ ಯಂತ್ರದ ಡೀಸೆಲ್, ಡಿಸ್ಟಿಲರಿಗೆ ಕಾಳು ಹೊತ್ತ ಲಾರಿಯ ಡೀಸೆಲ್, ಬಾಯ್ಲರಿನ ಉರುವಲು, ಆಮದು ಅನಿಲದಿಂದಲೇ ಬಹುಪಾಲು ತಯಾರಾಗುವ ಯೂರಿಯಾ. ಉಳಿಯುವುದು ಸೊನ್ನೆಯಲ್ಲ. ಭಟ್ಟಿಯ ಶೇಷ ದನ-ಕೋಳಿಗಳಿಗೆ ಮೇವಾಗುವುದೂ ನಿಜ. ಆದರೆ 25 ಎಂಬ ಅಂಕಿ ನಿಲ್ಲುವುದಿಲ್ಲ.

ಆ ಪಟ್ಟಿಯ ಮೊದಲ ಮೂರನ್ನು ಮತ್ತೆ ನೋಡಿ. ಮೂರೂ ಡೀಸೆಲ್. ಎಥೆನಾಲ್ ಬೆರೆಯುವುದು ಪೆಟ್ರೋಲಿಗೆ. ದೇಶದಲ್ಲಿ ಪೆಟ್ರೋಲಿನ ಎರಡು ಪಟ್ಟಿಗೂ ಮಿಕ್ಕಿ ಉರಿಯುವುದು ಡೀಸೆಲ್; ಶಿಗ್ಗಾವಿಯ ರೈತ ಬಂಕಿನಲ್ಲಿ ಹೆಚ್ಚು ಸುರಿಸಿಕೊಳ್ಳುವುದೂ ಅದನ್ನೇ. ತಾನು ಬೆಳೆದ ಇಂಧನ ಅವನ ಟ್ರ್ಯಾಕ್ಟರಿಗೆ ಬಾರದು.

ಬಡವರ ಅನ್ನವನ್ನು ಟ್ಯಾಂಕಿಗೆ ಸುರಿಯುತ್ತಿದ್ದೇವೆ ಎಂದು ವಾದಿಸುವವರೊಂದಿಗೂ ನನಗೆ ಸಹಮತವಿಲ್ಲ. ಅವರು ಸವಣೂರಿನ ಅಡುಗೆಮನೆಗೆ ಬಂದು ನೋಡಬೇಕು. ಇಲ್ಲಿ ಬಡಿಯುವ ರೊಟ್ಟಿ ಬಿಳಿಜೋಳದ್ದು. ಗೋವಿನಜೋಳ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ. ಕಾಳಿನ ಬಗ್ಗೆ ಕೂಗುವ ಬದಲು ಹೊಲದ ಬಗ್ಗೆ ಕೇಳಿದ್ದರೆ ಅವರ ವಾದಕ್ಕೆ ಬಲ ಬರುತ್ತಿತ್ತು: ಬಿಳಿಜೋಳದ, ಶೇಂಗಾದ ಎಷ್ಟು ಹೊಲ ಇದಕ್ಕೆ ತಿರುಗಿತು? ಬೆಲೆಯ ಮಾತನ್ನೂ ಅವರು ಎತ್ತಲಿಲ್ಲ. ಗೋವಿನಜೋಳದ ಎಥೆನಾಲಿಗೆ ಸರ್ಕಾರ ಲೀಟರಿಗೆ 71.86 ರೂಪಾಯಿ ಗೊತ್ತು ಮಾಡಿತ್ತು. ಹಾಗಿದ್ದೂ 2025ರ ನವೆಂಬರಿನಲ್ಲಿ ಕಾಳಿನ ದರ ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದು, ಹಾವೇರಿ ಜಿಲ್ಲೆಯ ರೈತರು ರಸ್ತೆಗಿಳಿದರು.

ಡೀಸೆಲಿನ ಮಾತಿಗೆ ಬಂದರೆ, ನಾವು ಮರೆತಿರುವುದು ಹೊಂಗೆಯನ್ನು. ಅದರ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ತೋರಿಸಿದ್ದರು. ಕರ್ನಾಟಕ 2009ರಲ್ಲೇ ಜೈವಿಕ ಇಂಧನ ನೀತಿ ತಂದು ಬದುಗಳಲ್ಲಿ ಹೊಂಗೆ ನೆಡಿಸಿತು. ಬದುವಿನ ಮರ ಹೊಲ ಕಸಿಯದು, ಯೂರಿಯಾ ಬೇಡದು, ಹಿಂಡಿ ಗೊಬ್ಬರವಾಗುತ್ತದೆ. ಬೀಜ ಆಯುವ ಕೂಲಿ ಹುಟ್ಟದಿರುವುದು ಅದರ ದೊಡ್ಡ ತೊಡಕು. ಅದನ್ನು ನಾನು ಮುಚ್ಚಿಡುವುದಿಲ್ಲ. ಎಥೆನಾಲಿಗೆ ಸುರಿದ ಬೆಂಬಲದ ಒಂದು ಪಾಲು ಆ ಕೂಲಿಗೆ ಸಂದಿದ್ದರೆ? 2018ರ ರಾಷ್ಟ್ರೀಯ ನೀತಿ 2030ಕ್ಕೆ ಡೀಸೆಲಿನಲ್ಲಿ ಶೇ. 5 ಜೈವಿಕ ಡೀಸೆಲ್ ಎಂದಿದೆ. ಈವರೆಗೆ ಶೇ. 1ನ್ನೂ ಮುಟ್ಟಿಲ್ಲ.