ಪಿಷ್ಟಕುಕ್ಕುಟದ ಪ್ರಶ್ನೆ: ‘ಯಶೋಧರ ಚರಿತೆ’ಯಲ್ಲಿ ಬಲಿ ಮತ್ತು ಸಂಕಲ್ಪ

ಜನ್ನನ ‘ಯಶೋಧರ ಚರಿತೆ’ (1209) ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಕಾವ್ಯವಲ್ಲ. ಆದರೆ ತರಗತಿಗಳಲ್ಲಿ ಅದರ ಪಾಠವು ಬಹುಮಟ್ಟಿಗೆ ಅಮೃತಮತಿ-ಅಷ್ಟವಂಕರ ಪ್ರಸಂಗದಲ್ಲಿಯೇ ನಿಂತುಬಿಡುತ್ತದೆ. ಮನಸ್ಸಿನ ವಿಚಿತ್ರಗತಿಯನ್ನು ಕವಿ ಎಷ್ಟು ಸೂಕ್ಷ್ಮವಾಗಿ ಬಲ್ಲನೆಂದು ಹೊಗಳಿ, ಉಳಿದ ಭವಾವಳಿಯನ್ನು ಜೈನಪುರಾಣಗಳ ವಾಡಿಕೆಯ ಸಾಮಗ್ರಿಯೆಂದು ಬದಿಗಿರಿಸುವುದು ರೂಢಿಯಾಗಿದೆ. ಇದರಿಂದ ಕಾವ್ಯಕ್ಕೂ ಧರ್ಮವಿಚಾರಕ್ಕೂ ನಷ್ಟವಾಗಿದೆಯೆಂಬುದು ಪ್ರಕೃತ ಲೇಖಕನ ಅಭಿಪ್ರಾಯ. ಈ ಕೃತಿಯ ಕೀಲು ಇರುವುದು ರಾಜನು ದೇವಿಗೆ ಬಲಿಗೊಟ್ಟ ಹಿಟ್ಟಿನ ಕೋಳಿಯಲ್ಲಿ.

ಕಥೆಯ ಆ ಭಾಗವನ್ನು ಸಂಕ್ಷೇಪವಾಗಿ ನೆನೆಯಬಹುದು. ಉಜ್ಜಯಿನಿಯ ಯಶೋಧರನು ರಾತ್ರಿ ರಾಣಿಯನ್ನು ಹಿಂಬಾಲಿಸಿ ಅವಳು ಮಾವುತನೊಡನೆ ಇರುವುದನ್ನು ಕಾಣುತ್ತಾನೆ. ಇಬ್ಬರನ್ನೂ ಕೊಲ್ಲಲು ಕತ್ತಿಯೆತ್ತಿ, ಮತ್ತೆ ಹೇಸಿ ಕೈ ಹಿಂತೆಗೆಯುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ನಿಜವನ್ನು ಹೇಳಲಾರದೆ ಕನಸಿನ ನೆಪ ಹೂಡುತ್ತಾನೆ. ದುಃಸ್ವಪ್ನದ ಶಾಂತಿಗೆ ದೇವಿಗೆ ಪ್ರಾಣಿಬಲಿಯಾಗಬೇಕೆಂದು ಆಕೆ ಪಟ್ಟುಹಿಡಿಯುತ್ತಾಳೆ, ಮಗನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಹುಂಜವಾದರೂ ಆಗಲೆಂದು ಒಡಂಬಡಿಕೆಯಾಗುತ್ತದೆ. ಇಷ್ಟರಿಂದಲೇ ತಾಯಿ ಮಕ್ಕಳಿಬ್ಬರೂ ನವಿಲು-ನಾಯಿಗಳಿಂದ ಹಿಡಿದು ಕೋಳಿಗಳವರೆಗೆ ತಿರ್ಯಗ್ಜನ್ಮಗಳಲ್ಲಿ ತೊಳಲಿ, ಜನ್ಮಜನ್ಮದಲ್ಲಿಯೂ ಕೊಲೆಗೀಡಾಗುತ್ತಾರೆ. ಹಿಟ್ಟನ್ನು ಕಡಿದುದಕ್ಕೆ ಇಂತಹ ಶಿಕ್ಷೆಯೇ ಎಂದು ವಿದ್ಯಾರ್ಥಿಯು ಕೇಳಿದರೆ, ‘ಇದು ಜೈನರ ಅತಿಶಯ’ ಎಂದು ಹೇಳಿ ಮುಂದೆ ಸಾಗುವುದು ಉತ್ತರವಾಗಲಾರದು.

ಪ್ರಶ್ನೆಯ ತೂಕವನ್ನರಿಯಲು ಎದುರು ಪಕ್ಷದ ತರ್ಕವನ್ನೂ ಕೇಳಬೇಕು. ವೈದಿಕ ಕರ್ಮಕಾಂಡದಲ್ಲಿ ಪ್ರತಿನಿಧಿದ್ರವ್ಯದ ವಿಚಾರ ಬಹು ಪ್ರಾಚೀನವಾದುದು. ‘ಐತರೇಯ ಬ್ರಾಹ್ಮಣ’ದ ಒಂದು ಆಖ್ಯಾನದಂತೆ, ಯಜ್ಞಯೋಗ್ಯವಾದ ‘ಮೇಧ’ವೆಂಬ ಸಾರವು ಮೊದಲು ಪುರುಷನಲ್ಲಿತ್ತು, ಅಲ್ಲಿಂದ ಕುದುರೆ, ಎತ್ತು, ಕುರಿ, ಆಡು ಎಂಬ ಕ್ರಮದಲ್ಲಿ ಜಾರಿ ಕಡೆಗೆ ಭೂಮಿಯನ್ನು ಹೊಕ್ಕು ಬತ್ತವಾಯಿತು. ಆದುದರಿಂದ ಅಕ್ಕಿಯ ಪುರೋಡಾಶವೇ ಪಶುವೆಂದು ಆ ಗ್ರಂಥವು ಬಗೆಯುತ್ತದೆ. ಮನುಸ್ಮೃತಿಯೂ ತುಪ್ಪದ ಪಶು, ಹಿಟ್ಟಿನ ಪಶುಗಳನ್ನು ಹೆಸರಿಸುತ್ತದೆ. ಜನ್ನನ ಕಾಲಕ್ಕೆ ಅನತಿದೂರದಲ್ಲಿ, 13ನೆಯ ಶತಮಾನದಲ್ಲಿ, ಕರಾವಳಿಯ ಮಧ್ವಾಚಾರ್ಯರ ಸಂಪ್ರದಾಯವು ಯಜ್ಞದಲ್ಲಿ ಪಿಷ್ಟಪಶುವನ್ನೇ ಎತ್ತಿಹಿಡಿಯಿತು. ಒಂದೇ ನಾಡಿನಲ್ಲಿ, ಹೆಚ್ಚುಕಡಮೆ ಒಂದೇ ಕಾಲದಲ್ಲಿ, ಒಂದೇ ಹಿಟ್ಟಿನ ಮುದ್ದೆ ಒಬ್ಬರಿಗೆ ಹಿಂಸೆಯಿಂದ ಬಿಡುಗಡೆಯ ಉಪಾಯ, ಮತ್ತೊಬ್ಬರಿಗೆ ಹಿಂಸೆಯೇ. ‘ಭಾರತೀಯ ಮತಗಳೆಲ್ಲ ಅಹಿಂಸೆಯನ್ನೇ ಬೋಧಿಸುತ್ತವೆ’ ಎಂಬ ವೇದಿಕೆಯ ಮಾತು ಇಂತಹ ಕಡೆಯಲ್ಲಿ ಏನನ್ನೂ ವಿವರಿಸಲಾರದು. ಆಯುಧಪೂಜೆಯ ದಿನ ಬೂದುಗುಂಬಳಕಾಯಿಯೊಳಗೆ ಕುಂಕುಮ ತುಂಬಿ ಒಡೆಯುವ ನಾವು ಈ ಇಬ್ಬರಲ್ಲಿ ಯಾರ ಪಕ್ಷದವರೆಂದು ಯೋಚಿಸುವುದೂ ಅಪ್ರಸ್ತುತವಾಗದು. ಹಿಂಸೆ ಬೇಡವೆಂದ ಮೇಲೆ ಆ ಕೆಂಪು ಏಕೆ?

ಜೈನರ ಉತ್ತರವು ಅವರ ಹಿಂಸಾಲಕ್ಷಣದಲ್ಲಿದೆ. ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ಹೇಳುವಾಗ ಪ್ರಮಾದ ಮತ್ತು ಪ್ರಾಣಹರಣ ಎಂಬ ಎರಡು ಅಂಗಗಳನ್ನು ಸೇರಿಸುತ್ತದೆ. ಮೇಲುನೋಟಕ್ಕೆ ಹಿಟ್ಟಿನ ಕೋಳಿಯಲ್ಲಿ ಎರಡನೆಯದು ಇಲ್ಲವಾದುದರಿಂದ ಯಶೋಧರನು ನಿರ್ದೋಷಿಯಾಗಬೇಕು. ಆದರೆ ಪೂಜ್ಯಪಾದನ ‘ಸರ್ವಾರ್ಥಸಿದ್ಧಿ’ಯು, ಪ್ರಮತ್ತನಾದವನು ಮೊದಲು ತನ್ನನ್ನೇ ಹಿಂಸಿಸಿಕೊಳ್ಳುತ್ತಾನೆ, ಅನ್ಯಪ್ರಾಣಿ ಸತ್ತರೂ ಸಾಯದಿದ್ದರೂ ಹಿಂಸೆ ಆಗಿಯೇ ಆಗುತ್ತದೆ ಎಂಬ ಅಭಿಪ್ರಾಯವನ್ನು ತಾಳುತ್ತದೆ, ಅಮೃತಚಂದ್ರನ ‘ಪುರುಷಾರ್ಥಸಿದ್ಧ್ಯುಪಾಯ’ವು ರಾಗಾದಿಗಳ ಹುಟ್ಟನ್ನೇ ಹಿಂಸೆಯೆನ್ನುತ್ತದೆ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಕ್ರಿಮಿಯೊಂದು ಸತ್ತರೆ ಅವನಿಗೆ ದೋಷವಿಲ್ಲವೆಂಬುದೂ ಇದೇ ತತ್ತ್ವದ ಇನ್ನೊಂದು ಮುಖ. ಬೌದ್ಧರ ‘ಉಪಾಲಿ ಸುತ್ತ’ದಲ್ಲಿ ನಿರ್ಗ್ರಂಥರು ಮನಸ್ಸಿಗಿಂತ ಕಾಯದ ಕರ್ಮವನ್ನೇ ಗುರುತರವೆಂದು ಹಿಡಿದವರಾಗಿ ಚಿತ್ರಿತರಾಗಿದ್ದಾರೆ, ಬುದ್ಧನು ಮನಃಕರ್ಮವೇ ಹಿರಿದೆಂದು ಅವರ ಪಕ್ಷವನ್ನು ಖಂಡಿಸುತ್ತಾನೆ. ಆ ಚಿತ್ರಣವನ್ನು ಓದಿ ‘ಯಶೋಧರ ಚರಿತೆ’ಗೆ ಬಂದವನಿಗೆ ಆಶ್ಚರ್ಯವಾಗದಿರದು. ಕಾಯದಿಂದ ಏನೂ ಸಾಯದಿದ್ದರೂ ಸಂಕಲ್ಪಮಾತ್ರದಿಂದ ಹಲವು ಭವ ಕೆಡುವುದನ್ನು ಇಲ್ಲಿ ನಿರ್ಗ್ರಂಥಮತದ ಕವಿಯೇ ಹಾಡುತ್ತಾನೆ. ಮತವೊಂದನ್ನು ಅದರ ಪ್ರತಿವಾದಿಯ ಗ್ರಂಥದಿಂದ ಮಾತ್ರ ತಿಳಿಯಹೊರಟರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಇಲ್ಲಿಗೆ ಶಾಸ್ತ್ರದ ತೊಡಕು ಬಿಚ್ಚಿತು. ಕಾವ್ಯದ ತೊಡಕು ಬಿಚ್ಚಲಿಲ್ಲ. ಯಶೋಧರನಿಗೆ ಕೊಲ್ಲುವ ಸಂಕಲ್ಪವೇ ಇರಲಿಲ್ಲವಲ್ಲ! ಅವನು ತಾಯಿಯ ಒತ್ತಾಯಕ್ಕೆ ಮಣಿದವನು. ಇಚ್ಛೆಯಿಲ್ಲದವನನ್ನು ಇಚ್ಛೆಗಾಗಿ ದಂಡಿಸುವುದು ನ್ಯಾಯವೆ? ಈ ಆಕ್ಷೇಪಕ್ಕೆ ಸಮಾಧಾನವು ಹಿಂದಿನ ರಾತ್ರಿಯಲ್ಲಿದೆಯೆಂದು ತೋರುತ್ತದೆ. ಎತ್ತಿ ಇಳಿಸಿದ ಆ ಕತ್ತಿ ಒರೆಗೆ ಸೇರಿತೇ ಹೊರತು, ಎತ್ತಿಸಿದ ಕ್ರೋಧವು ಶಮನವಾಗಲಿಲ್ಲ. ಅದು ಸುಳ್ಳು ಕನಸಾಗಿ ತಾಯಿಯ ಮುಂದೆ ಬಂದಿತು. ದೇವಿಯ ಸನ್ನಿಧಿಯಲ್ಲಿ ಹಿಟ್ಟಿನ ಕೊರಳಿನ ಮೇಲೆ ಬಿದ್ದಿತು. ಕೋಳಿಯು ಪ್ರಾಣಿಗೆ ಪ್ರತಿನಿಧಿಯೆಂದು ತಾಯಿ ತಿಳಿದಳು. ಮಗನ ಅಂತರಂಗದಲ್ಲಿ ಅದು ಬೇರೆ ಇಬ್ಬರಿಗೆ ಪ್ರತಿನಿಧಿಯಾಗಿತ್ತು. ಹೀಗೆ ಓದಿದಾಗ ಅಮೃತಮತಿಯ ಪ್ರಸಂಗವೂ ಬಲಿಯ ಪ್ರಸಂಗವೂ ಎರಡು ಕಥೆಗಳಾಗಿ ಉಳಿಯುವುದಿಲ್ಲ. 1980ರಲ್ಲಿ ಪ್ರಕಟವಾದ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಗಿರೀಶ ಕಾರ್ನಾಡರು ಈ ಕೀಲನ್ನೇ ಹಿಡಿದುದು ಅವರ ಸೂಕ್ಷ್ಮದೃಷ್ಟಿಗೆ ಸಾಕ್ಷಿ.

ಜನ್ನನಲ್ಲಿ ಒಂದು ಅಂಶ ಮಾತ್ರ ಚರ್ಚಾಸ್ಪದವಾಗಿಯೇ ಉಳಿಯುತ್ತದೆ. ಹಿಟ್ಟಿನ ಕೋಳಿಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದನ್ನು ಹೊಗುತ್ತದೆ. ಕಡಿದಾಗ ಕೋಳಿ ಕೂಗುತ್ತದೆ. ಶಾಸ್ತ್ರದೃಷ್ಟಿಯಿಂದ ಇದು ಅನಾವಶ್ಯಕ. ಅಷ್ಟೇ ಅಲ್ಲ, ಹಾನಿಕರ. ಸಂಕಲ್ಪವೇ ಹಿಂಸೆಯೆಂದ ಮೇಲೆ ಒಳಗೊಂದು ಜೀವವನ್ನು ತಂದಿರಿಸುವುದು ವಾದದಲ್ಲಿ ನಂಬಿಕೆ ಸಾಲದವನ ಲಕ್ಷಣವಲ್ಲವೆ? ಆದರೂ ಈ ಕೂಗನ್ನು ತೆಗೆದುಹಾಕಬೇಕೆಂದು ಹೇಳಲು ಮನಸ್ಸು ಬಾರದು. ಆಕೃತಿಯನ್ನು ಕೋಳಿಯಂತೆಯೇ ಚೆಲುವಾಗಿ ತಿದ್ದಿದ ಕೈಯೇ ಜೀವವನ್ನು ಕರೆತಂದಿತೆಂಬ ಕಲ್ಪನೆ ದೊಡ್ಡದು. ಪ್ರತಿನಿಧಿಯು ಮೂಲಕ್ಕೆ ಎಷ್ಟು ಸಮೀಪವಾದರೆ ಕರ್ಮವೂ ಅಷ್ಟು ಸಮೀಪವಾಗುತ್ತದೆ. ಚಂದ್ರಮತಿಯ ವಿಷಯದಲ್ಲಿ ಕವಿ ಇಷ್ಟು ಉದಾರನಾಗಿಲ್ಲ. ಪ್ರಾಣಿಯಿಂದ ಹಿಟ್ಟಿಗೆ ಇಳಿದುದು ಆಕೆಯ ಮಟ್ಟಿಗೆ ಸಣ್ಣ ತ್ಯಾಗವೇನಲ್ಲ. ಅದನ್ನು ತೂಗಿನೋಡುವ ಒಂದು ಪದ್ಯವಿದ್ದಿದ್ದರೆ ಎದುರು ಮತಕ್ಕೆ ಕಾವ್ಯದೊಳಗೇ ನ್ಯಾಯ ದೊರೆಯುತ್ತಿತ್ತು.

ಈ ಎಲ್ಲ ವಿಚಾರದ ಬೆಳಕಿನಲ್ಲಿ ಕಾವ್ಯದ ಕಡೆಯ ಭಾಗವನ್ನು ಮತ್ತೆ ನೋಡಬೇಕು. ಅಭಯರುಚಿಯು ಹೇಳಿದ ಕಥೆಯನ್ನು ಕೇಳಿ ಮಾರಿದತ್ತನು ಬಲಿಯನ್ನು ಬಿಡುತ್ತಾನೆ. ಚಂಡಮಾರಿಯ ಗುಡಿಯನ್ನು ಮಾತ್ರ ಯಾರೂ ಕೆಡಹುವುದಿಲ್ಲ. ಜೀವಬಲಿ ಬೇಡ, ಜಲ ಗಂಧ ಪುಷ್ಪ ಧೂಪಗಳಿಂದ ಪೂಜಿಸಿರೆಂದು ದೇವಿಯೇ ಹೇಳುತ್ತಾಳೆ. ಅವಳು ಕೇಳಿದ ವಸ್ತುಗಳಲ್ಲಿ ಯಾವ ಪ್ರಾಣಿಯ ಆಕಾರವೂ ಇಲ್ಲ. ಅಲ್ಲಿ ಹೂವು ಹೂವಾಗಿಯೇ, ನೀರು ನೀರಾಗಿಯೇ ಅರ್ಪಿತವಾಗುತ್ತದೆ.