ಒಣಬಾಡೂ ಪಾಕಶಾಸ್ತ್ರವೂ

ಬಾಡು ಒಣಹಾಕೋದು ಒಂದು ವಿದ್ಯೆ ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಉಪ್ಪಿನಕಾಯಿ ಹಾಕುವುದು ಕಲೆ. ಹಪ್ಪಳ ಒತ್ತುವುದು ಕಲೆ. ಸಂಡಿಗೆ ಇಡುವುದು ಕಲೆ. ಬೇಸಿಗೆ ಬಂತೆಂದರೆ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಇವುಗಳದೇ ಮೆರವಣಿಗೆ. ಅದೇ ಬಿಸಿಲು, ಅದೇ ಉಪ್ಪು, ಅದೇ ಖಾರ. ಕೇರಿಯ ಹಗ್ಗದ ಮೇಲೆ ಬಾಡಿನ ಪಟ್ಟಿ ತೂಗಿದರೆ ಮಾತ್ರ ಅದು ಕಲೆಯಲ್ಲ, ನಾತ. ಈ ಭೇದ ಎಲ್ಲಿಂದ ಬಂತು? ಪುಸ್ತಕಗಳನ್ನೇ ಕೇಳೋಣ. ಅದಕ್ಕೂ ಮೊದಲು ಪುಸ್ತಕದಲ್ಲಿಲ್ಲದ ವಿದ್ಯೆ ಏನೆಂದು ನೋಡೋಣ.

ದೊಡ್ಡ ಪ್ರಾಣಿಯ ಬಾಡು ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಹಂಚಿ ಉಳಿದದ್ದನ್ನು ಕೂಲಿಯಿಲ್ಲದ ಮಳೆಗಾಲಕ್ಕೆ ಇಟ್ಟುಕೊಳ್ಳಬೇಕು. ಅವ್ವಂದಿರು ಮೊದಲು ಕೊಬ್ಬನ್ನೆಲ್ಲ ಬಿಡಿಸುತ್ತಾರೆ. ಕೊಬ್ಬು ಒಣಗುವುದಿಲ್ಲ, ಕಮಟು ಹಿಡಿದು ಉಳಿದದ್ದನ್ನೂ ಕೆಡಿಸುತ್ತದೆ. ಆಮೇಲೆ ಮಾಂಸದ ಎಳೆ ಹೋದ ದಿಕ್ಕಿಗೇ ಕುಯ್ದು, ಕಿರುಬೆರಳಿಗಿಂತ ತೆಳ್ಳಗೆ ಉದ್ದುದ್ದ ಪಟ್ಟಿ ತೆಗೆಯುತ್ತಾರೆ. ದಪ್ಪ ಇದ್ದರೆ ಹೊರಗೆ ಒಣಗಿ ಒಳಗೆ ಕೊಳೆಯುತ್ತದೆ. ಉಪ್ಪು, ಅರಿಶಿನ, ಖಾರದ ಪುಡಿ ಹಚ್ಚಿ ಒಂದು ರಾತ್ರಿ ಮಡಕೆಯಲ್ಲಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಉಪ್ಪು ಬಾಡಿನ ನೀರನ್ನು ಎಳೆದಿರುತ್ತದೆ. ಆ ನೀರು ಚೆಲ್ಲಿ ಪಟ್ಟಿಗಳನ್ನು ಹಗ್ಗಕ್ಕೆ ಹಾಕಬೇಕು. ಕಾಗೆ ಕಾಯಬೇಕು, ನೊಣ ಕಾಯಬೇಕು, ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಮೋಡ ಕವಿದರೆ ಒಲೆಯ ಮೇಲೆ ಹೊಗೆಗೆ ಕಟ್ಟಬೇಕು. 'ಮುರುದ್ರೆ ಲಟಕ್ ಅನ್ಬೇಕು, ಬಗ್ಗುದ್ರೆ ಇನ್ನೂ ಒಣಗಿಲ್ಲ ಕಣಪ್ಪ' ಅಂತಾರೆ. ಇದು ಪರೀಕ್ಷೆ. ನೀರಿಲ್ಲದ ಕಡೆ ಕೊಳೆಸುವ ಕ್ರಿಮಿ ಬೆಳೆಯುವುದಿಲ್ಲ ಎಂದು ವಿಜ್ಞಾನದ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಾರಲ್ಲ, ಅದನ್ನೇ ಅಕ್ಷರ ಬಾರದ ಈ ಹೆಂಗಸರು ಹಗ್ಗದ ಮೇಲೆ ಬರೆದರು.

ಈಗ ಪುಸ್ತಕಗಳಿಗೆ ಬರೋಣ. ಒಣ ಮಾಂಸಕ್ಕೆ ಸಂಸ್ಕೃತದಲ್ಲಿ ಒಂದು ಹೆಸರೇ ಇದೆ: ವಲ್ಲೂರ. ಅಮರಕೋಶದಲ್ಲಿ ಸಿಗುತ್ತದೆ. ಮನುಸ್ಮೃತಿಯ 5ನೇ ಅಧ್ಯಾಯ ದ್ವಿಜರು ಏನು ತಿನ್ನಬಾರದು ಎಂದು ಪಟ್ಟಿ ಕೊಡುವಾಗ ಕಸಾಯಿಖಾನೆಯ ಮಾಂಸದ ಪಕ್ಕದಲ್ಲೇ ಈ ವಲ್ಲೂರವನ್ನು ಇಡುತ್ತದೆ. 11ನೇ ಅಧ್ಯಾಯದಲ್ಲಿ ಒಣ ಮಾಂಸ ತಿಂದದ್ದಕ್ಕೆ ಪ್ರಾಯಶ್ಚಿತ್ತವೂ ಉಂಟು. ಅದೇ 5ನೇ ಅಧ್ಯಾಯ ಯಜ್ಞದ ಮಾಂಸಕ್ಕೆ ಒಪ್ಪಿಗೆ ಕೊಡುತ್ತದೆ! ಅಂದರೆ ಮನುವಿನ ತಕರಾರು ಮಾಂಸದ ಮೇಲಲ್ಲ. ಯಜ್ಞದ ಬೆಂಕಿ ಮುಟ್ಟಿದ್ದು ಪವಿತ್ರ, ನಾಳೆಗೆಂದು ಎತ್ತಿಟ್ಟದ್ದು ಪಾಪ. ನಾಳೆಯ ಊಟ ಗ್ಯಾರಂಟಿ ಇದ್ದವನು ಮಾತ್ರ ಇಂಥ ಕಾನೂನು ಬರೆಯಬಲ್ಲ.

ಅರಮನೆಯ ಪುಸ್ತಕ ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಜಿಂಕೆ ಬೇಟೆಯ ವಿವರ ಬೇಕಾದಷ್ಟಿದೆ. ಊಟದ ಭಾಗದಲ್ಲಿ ಹಂದಿ ಉಂಟು, ಆಮೆ ಉಂಟು, ಹೊಲದ ಇಲಿಯೂ ಉಂಟು. ದೊರೆ ಇಲಿ ತಿಂದರೆ ಅನ್ನಭೋಗ, ಇಲಿ ಹಿಡಿದು ತಿನ್ನುವ ಬಡವನಿಗೆ ಅದೇ ಜಾತಿಯ ಬೈಗುಳ. ಕನ್ನಡಕ್ಕೆ ಬಂದರೆ 16ನೇ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಸಿಗುತ್ತದೆ. ಬದನೆಕಾಯಿ ಒಂದರಲ್ಲೇ ಎಷ್ಟು ಬಗೆ! ಮಂಗರಸ ಜೈನ ಕವಿ, ತನ್ನ ಅಡುಗೆ ಬರೆದ. ಅವನ ಮೇಲೆ ಸಿಟ್ಟಿಲ್ಲ. ಅದನ್ನೇ ಕನ್ನಡದ ಪಾಕಶಾಸ್ತ್ರ ಎಂದು ನಂಬಿಸಿದವರ ಮೇಲೆ ಸಿಟ್ಟು.

ಈ ಮೌನ ಒಡೆದ ಪುಸ್ತಕ ಪಕ್ಕದ ಮರಾಠಿಯಿಂದ ಬಂತು. ಶಾಹು ಪಾಟೋಳೆಯವರ 'ಅನ್ನ ಹೇ ಅಪೂರ್ಣಬ್ರಹ್ಮ' 2015ರಲ್ಲಿ ಬಂತು. ಮರಾಠವಾಡದ ಮಹಾರ್ ಮತ್ತು ಮಾಂಗ್ ಜನರ ಅಡುಗೆಯ ಪುಸ್ತಕ ಅದು. ಮರಾಠವಾಡ ನಮಗೆ ದೂರದ ಊರಲ್ಲ. ಬೀದರ್, ಕಲಬುರಗಿ, ರಾಯಚೂರು, ಮರಾಠವಾಡ ಎಲ್ಲ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಒಣಗಿಸಿದ ಬಾಡಿನ ಪಟ್ಟಿಗೆ ಅಲ್ಲಿ 'ಚಾನ್ಯಾ' ಎನ್ನುತ್ತಾರೆ. ಪಾಟೋಳೆ ಅಡುಗೆಯ ಜೊತೆಗೆ ಜಾತಿಯನ್ನೂ ಬರೆದರು: ಯಾರಿಗೆ ಯಾವ ತುಂಡು, ಯಾಕೆ, ಯಾರ ದಯೆಯಿಂದ. ಅದೇ ಈ ಪುಸ್ತಕದ ಬಲ. ಅನ್ನ ಪೂರ್ಣಬ್ರಹ್ಮ ಎಂಬ ಊಟದ ಶ್ಲೋಕಕ್ಕೆ ಒಂದು 'ಅ' ಸೇರಿಸಿ ಅದರ ಮುಖಕ್ಕೆ ಹೊಡೆದ ಹೆಸರು ಅದು. 2024ರಲ್ಲಿ ಇಂಗ್ಲಿಷಿಗೆ ಬಂದಾಗ ಹೆಸರು 'ದಲಿತ್ ಕಿಚನ್ಸ್ ಆಫ್ ಮರಾಠವಾಡ' ಆಯಿತು. ಹೊಡೆತ ಹೋಗಿ ವಿಳಾಸ ಉಳಿಯಿತು. ಹೊಟ್ಟೆ ತುಂಬಿದವರು ರುಚಿ ನೋಡಲು ಬರುವ ಬಾಗಿಲು ತೆರೆಯುವುದು ಹೀಗೆಯೇ.

ಇನ್ನು ನಮ್ಮ ಕಡೆಯ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಇದು ವಿಮರ್ಶೆಯಲ್ಲ. 1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದರು. ಅವರು ಮುರಿಯಲು ಹೊರಟದ್ದು ಹಂಗನ್ನು. ದನ ಸತ್ತರೆ ನೀನೇ ಹೊರಬೇಕು, ಕೂಲಿ ಕೇಳಬಾರದು, ಕೂಲಿಯ ಬದಲು ಆ ಬಾಡೇ ತಿನ್ನು ಎಂಬ ಹಂಗು. ಆ ಮಾತು ಇಂದಿಗೂ ಸರಿ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನು ಕಟ್ಟಿ ಹೊಡೆದಾಗ ಅಲ್ಲಿನ ದಲಿತರು 'ನಿಮ್ಮ ದನ ನೀವೇ ಹೊತ್ಕೊಳ್ಳಿ' ಎಂದು ಕೈ ಬಿಟ್ಟರು. ಅದೂ ಸರಿ. ಆದರೆ ನಮ್ಮಲ್ಲಿ ಓದಿದ ಹುಡುಗರು ಹಂಗಿನ ಜೊತೆ ಹದವನ್ನೂ ಬಿಟ್ಟರು. ಗೆಳೆಯ ಮನೆಗೆ ಬರುತ್ತಾನೆಂದರೆ 'ಆ ಹಗ್ಗ ತೆಗಿಯವ್ವ' ಎಂದವರು ನಮ್ಮಲ್ಲೇ ಎಷ್ಟು ಜನ! ಅವ್ವ ತೆಗೆದಳು. ಹಗ್ಗದ ಜೊತೆ ಅವಳ ವಿದ್ಯೆಯೂ ಮೂಲೆ ಸೇರಿತು. ನಮ್ಮ ಗಂಡಸರ ಆತ್ಮಕಥೆಗಳಲ್ಲಿ ಬಹುಪಾಲು ಬಾಡಿನ ವಾಸನೆ ಇದೆ, ಉಪ್ಪಿನ ಅಳತೆ ಇಲ್ಲ. ಅಳತೆ ಗೊತ್ತಿದ್ದವರು ಹೆಂಗಸರು. ಅವರನ್ನು ಯಾರೂ ಕೇಳಲಿಲ್ಲ.

ಬಾಡು ಒಣಗಿಸುವುದು ನಮ್ಮ ಕೇರಿಯೊಂದರದೇ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕೆಚುವಾ ಜನ ಅದಕ್ಕೆ 'ಚಾರ್ಕಿ' ಅಂದರು. ಆ ಮಾತೇ ಸ್ಪೇನಿನವರ ಬಾಯಿ ಹಾದು ಇಂಗ್ಲಿಷಿನ 'ಜರ್ಕಿ' ಆಯಿತು. ಈಗ ಅಮೆರಿಕದಲ್ಲಿ ಜಿಂಕೆ ಬೇಟೆಯಾಡಿದವರು ಮನೆಯಲ್ಲೇ ಜರ್ಕಿ ಮಾಡುತ್ತಾರೆ. ಸೋಯಾ ಸಾಸು, ಮೆಣಸು, ಬೆಳ್ಳುಳ್ಳಿಯಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಹಾಕಿ, ಯಂತ್ರದಲ್ಲಿ ಒಣಗಿಸುತ್ತಾರೆ. ಅಲ್ಲಿ ಅದು ಹವ್ಯಾಸ. ಚೀಲದಲ್ಲಿ ತುಂಬಿದರೆ ದುಬಾರಿ ಕುರುಕಲು. 1995ರಲ್ಲಿ ಒರೆಗಾನ್ ರಾಜ್ಯದಲ್ಲಿ ಹೀಗೆ ಮನೆಯಲ್ಲಿ ಮಾಡಿದ ಜಿಂಕೆ ಜರ್ಕಿಯಿಂದ ಈ-ಕೋಲೈ ರೋಗ ಹಬ್ಬಿತು. ಬರೀ ಒಣಗಿಸುವ ಶಾಖಕ್ಕೆ ಆ ಕ್ರಿಮಿ ಸಾಯುವುದಿಲ್ಲ. ಒಣಹಾಕುವ ಮೊದಲು ಮಾಂಸವನ್ನು 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಂಬುದು ಅಲ್ಲಿನ ಸರ್ಕಾರದ ಸಲಹೆ. ನಮ್ಮ ಅವ್ವಂದಿರು ಒಣಬಾಡನ್ನು ಹಾಗೇ ಬಾಯಿಗೆ ಹಾಕಿಕೊಳ್ಳಲು ಬಿಡುವುದಿಲ್ಲ. ಕೆಂಡದ ಮೇಲೆ ಸುಟ್ಟು, ಕಲ್ಲಿನ ಮೇಲೆ ಜಜ್ಜಿ, ಹುರುಳಿಯ ಜೊತೆ ಗಂಟೆಗಟ್ಟಲೆ ಕುದಿಸುತ್ತಾರೆ. ಕೊಳಕು ಯಾವ ಜಾತಿಯದೂ ಅಲ್ಲ. ಬೆಂಕಿಯ ಹದ ತಪ್ಪಿದರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ.

ನಮ್ಮಲ್ಲಿ ಜಿಂಕೆಯ ಮಾತು ಬೇರೆ. ಬಂಡೀಪುರ ಮೈಸೂರು ಅರಸರ ಬೇಟೆಕಾಡಾಗಿತ್ತು. ಅರಸರ ಬೇಟೆ ಮುಗಿದ ಮೇಲೆ 1972ರ ಕಾನೂನು ಬಂತು. ಕಾಡು ಉಳಿಯಬೇಕು, ಸರಿ. ಆದರೆ 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದಾಗ ಕಾಡಿನೊಳಗಿನ ಪೋಡು ಬಿಟ್ಟು ಬಂದವರು ಸೋಲಿಗರು, ಅರಸರಲ್ಲ. ಊರಿನಲ್ಲಿ ದನದ ಕಥೆಯೂ ಹಾಗೇ. 1964ರ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತಿಗೆ ಅವಕಾಶ ಇತ್ತು. 2020ರ ಕಾನೂನು ಅದನ್ನೂ ಕಿತ್ತುಕೊಂಡು, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನಷ್ಟೇ ಬಿಟ್ಟಿತು. ಮನು ಪ್ರಾಯಶ್ಚಿತ್ತ ಹೇಳಿದ್ದ, ಈ ಕಾನೂನು ಜೈಲು ಹೇಳಿತು.

ಹಾಗಂತ ಒಣಬಾಡಿಗೆ ಹೂಮಾಲೆ ಹಾಕಬೇಕಾಗಿಲ್ಲ. ಹಸಿವಿನಿಂದ ಹುಟ್ಟಿದ್ದನ್ನು ಆಹಾರಮೇಳದ ಮಳಿಗೆಯಲ್ಲಿಟ್ಟು ಸಂಸ್ಕೃತಿ ಎಂದು ಕುಣಿಯುವುದು ಇನ್ನೊಂದು ಮೋಸ. ತಿನ್ನುವುದು ಬಿಡುವುದು ಅವರವರ ಇಷ್ಟ. ಹಂಗು ಹೋಗಲಿ, ಹದ ಉಳಿಯಲಿ. ಹಳ್ಳಿಯ ಮೇಷ್ಟ್ರೇ, ಆಹಾರ ಸಂರಕ್ಷಣೆಯ ಪಾಠ ಮಾಡುವ ದಿನ ಹಪ್ಪಳ ಸಂಡಿಗೆಗೆ ನಿಲ್ಲಿಸಬೇಡಿ. 'ನಿಮ್ಮ ಮನೇಲಿ ಬಾಡು ಹೆಂಗೆ ಒಣಗಿಸ್ತಿದ್ರು, ಕೇಳ್ಕೊಂಡು ಬನ್ನಿ' ಅನ್ನಿ. ಹಿಂದಿನ ಬೆಂಚಿನ ಹುಡುಗಿ ತಲೆ ತಗ್ಗಿಸದೆ ಎದ್ದು ನಿಂತು, ಎಷ್ಟು ಬಾಡಿಗೆ ಎಷ್ಟು ಹಿಡಿ ಉಪ್ಪು ಎಂದು ಹೇಳಲಿ. ಅದನ್ನು ಬೋರ್ಡಿನ ಮೇಲೆ ಬರೆಯಿರಿ.